ಬೈಯುವ ಅಕ್ಕ

ತಾಂಡೂರಿನಲ್ಲಿ ನನ್ನ ಗಂಡ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆ ನಡೆಸುತ್ತಾರೆ. ನಾನು ಅಲ್ಲೇ ಆಫೀಸಿನಲ್ಲಿ ಕೂತು ಫೋನ್ ನೋಡಿಕೊಳ್ಳುತ್ತೇನೆ. ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಗಂಟೆ ಮಾತ್ರ ಯಂತ್ರಗಳು ನಿಲ್ಲುತ್ತವೆ. ಆ ಗಂಟೆಯಲ್ಲಿ ನಾನು ಕಾರಿನೊಳಗೆ ಕೂತು, ಕಿಟಕಿಯ ಗಾಜುಗಳನ್ನೆಲ್ಲ ಏರಿಸಿ, ಮೊಬೈಲಿನಲ್ಲಿ ಮಾತಾಡಿ ವಿಡಿಯೊ ಮಾಡುತ್ತಿದ್ದೆ. ಎ.ಸಿ. ಹಾಕಿದರೆ ಅದರ ಸದ್ದೂ ಧ್ವನಿಯ ಜೊತೆ ಸೇರುತ್ತಿತ್ತು. ಹಾಗಾಗಿ ಬೆವರು ಸುರಿಸುತ್ತಲೇ ಮಾತಾಡುತ್ತಿದ್ದೆ. ಮುಖ ತೋರಿಸುತ್ತಿರಲಿಲ್ಲ. ಕಾಣುತ್ತಿದ್ದುದು ನನ್ನ ಕೈ ಮತ್ತು ಮಡಿಲಲ್ಲಿದ್ದ ಒಂದು ಹರಿದ ಪುಸ್ತಕ ಅಷ್ಟೇ.

ಅದು ಆರು ಭಾಗದ ಒಂದು ಇಂಗ್ಲಿಷ್ ಪುಸ್ತಕಮಾಲೆಯದು. ಆ ಮಾಲೆ ನನಗೆ ಸಿಕ್ಕಿದ್ದು ಜಹೀರಾಬಾದಿನಲ್ಲಿ ಕಾಲೇಜು ಓದುವಾಗ. ಕೊಹೀರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಗೆಳತಿಯೊಬ್ಬಳು ಹಳೇ ಪುಸ್ತಕದ ಅಂಗಡಿಯಲ್ಲಿ ಮೊದಲ ಭಾಗವನ್ನು ಹುಡುಕಿ ತಂದಳು. ರಾತ್ರೋರಾತ್ರಿ ಜಾಗ ಬದಲಿಸುವ ಬೆಟ್ಟಗಳ ನಾಡು ಅದು. ಆ ನಾಡಿನ ನಕ್ಷೆ ಬರೆಯುವ ಒಂಟಿಗಣ್ಣಿನ ಹೆಂಗಸೇ ಕಥೆಯ ನಾಯಕಿ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಆರೂ ಭಾಗ ಓದಿದೆವು. ಆಮೇಲೆ ಅದರದೇ ವಿಡಿಯೊ ಗೇಮ್ ಬಂತು. ಗೆಳತಿಯ ಅಣ್ಣನ ಕಂಪ್ಯೂಟರಿನಲ್ಲಿ ನಾವೇ ನಕ್ಷೆ ಬರೆದೆವು, ಬೆಟ್ಟಗಳ ಬಾಯಿಗೆ ಬಿದ್ದು ಸತ್ತೆವು, ಮತ್ತೆ ಬರೆದೆವು. ಈಗ ಅವಳು ನಾರಾಯಣಖೇಡದಲ್ಲಿ ಶಾಲೆಯ ಟೀಚರು.

ಎಷ್ಟೋ ವರ್ಷಗಳ ನಂತರ ಅದು ಧಾರಾವಾಹಿಯಾಗಿ ಬಂತು. ಮೊದಲ ದೃಶ್ಯದಲ್ಲೇ ನನ್ನ ಮೈ ಉರಿಯಿತು. ನಾಯಕಿಗೆ ಎರಡೂ ಕಣ್ಣು ನೆಟ್ಟಗಿದ್ದವು! ಮರುದಿನ ಕಾರಿನಲ್ಲಿ ಕೂತು ಬಾಯಿಗೆ ಬಂದಂತೆ ಬೈದೆ.

"ಎರಡು ಕಣ್ಣಿನಕಿ ಬೇಕಿದ್ರ ನಮ್ಮೂರಾಗ ಗಲ್ಲಿಗೆ ಹತ್ತು ಮಂದಿ ಅದಾರ. ಅದಕ್ಕ ಇಷ್ಟ್ ದೊಡ್ಡ ಧಾರಾವಾಹಿ ಯಾಕ ಮಾಡ್ಬೇಕಿತ್ತು? ಪುಸ್ತಕ ಓದ್ಯಾರೋ, ಬರೇ ರಟ್ಟು ನೋಡ್ಯಾರೋ?"

ನಮ್ಮ ಕಡೆಯ ಮಾತಿನಲ್ಲಿ ಯಾರೂ ಇಂಥದ್ದನ್ನು ಹೇಳಿರಲಿಲ್ಲವೋ ಏನೋ, ಆ ವಿಡಿಯೊ ಬೀದರ, ಕಲಬುರಗಿವರೆಗೂ ಓಡಿತು. ಪುಸ್ತಕ ಓದದವರೂ ನೋಡಿ ನಕ್ಕರು. ಪ್ರತಿ ಶುಕ್ರವಾರ ಹೊಸ ಕಂತು ಬರುತ್ತಿತ್ತು, ಶನಿವಾರ ನಾನು ಬೈಯುತ್ತಿದ್ದೆ. ಜನ ನನಗೆ 'ಬೈಯುವ ಅಕ್ಕ' ಎಂದು ಹೆಸರಿಟ್ಟರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಗೊತ್ತಾದರೆ ನಿಲ್ಲಿಸುತ್ತಾರೆ ಎಂಬ ಹೆದರಿಕೆ.

ಗೊತ್ತಾದದ್ದು ಧಾರೂರಿನಲ್ಲಿ, ನೆಂಟರ ಮದುವೆಯ ಊಟದ ಪಂಕ್ತಿಯಲ್ಲಿ. ಸಾರಿನಲ್ಲಿ ಉಪ್ಪು ಕಡಿಮೆಯಾಗಿದೆ ಎಂದು ನಾನು ಬಡಿಸುವವರಿಗೆ ಹೇಳಿದೆ. ಎದುರು ಕೂತಿದ್ದ ಹುಡುಗಿಯೊಬ್ಬಳು ತುತ್ತು ಬಿಟ್ಟು ನನ್ನನ್ನೇ ನೋಡಿದಳು.

"ನೀವು ಬೈಯೋ ಅಕ್ಕ ಅಲ್ರಿ? ದನಿ ಅದೇ ಅದ! ಒಂದ್ಸಲ ಬೈರಲ್ಲ!"

ಪಂಕ್ತಿಯೇ ತಿರುಗಿತು. ಪಕ್ಕದಲ್ಲಿದ್ದ ಗಂಡ ಬೆರಗಾಗಿ ನೋಡುತ್ತಿದ್ದರು. ಇನ್ನು ಮುಗಿಯಿತು ಅಂದುಕೊಂಡೆ. ಆದರೆ ಹುಡುಗಿ ತನ್ನ ಮೊಬೈಲಿನಲ್ಲಿ ನನ್ನ ವಿಡಿಯೊ ಹಚ್ಚಿ ತೋರಿಸಿದಾಗ ಅವರ ಮುಖ ಅರಳಿತು.

"ಮನ್ಯಾಗ ಇಷ್ಟ್ ದೊಡ್ಡ ಕಲಾವಿದ್ರು ಅದಾರಂತ ನಮಗ ಗೊತ್ತೇ ಇರ್ಲಿಲ್ಲ ನೋಡ್ರಿ," ಎಂದು ಪಕ್ಕದವರಿಗೆ ಹೇಳಿದರು. "ಬೈ, ಮಂದಿ ಕೇಳ್ಲತ್ತಾರ."

ಎಲೆಯ ಮುಂದೆ ಕೂತು, ಎಂಜಲು ಕೈಯಲ್ಲಿ, ನಾನು ಯಾರ ಮೇಲೂ ಇಲ್ಲದ ಸಿಟ್ಟು ತಂದುಕೊಂಡು ಬೈದೆ. ಎಲ್ಲರೂ ನಕ್ಕರು. ಅಂದಿನಿಂದ ಮನೆಯಲ್ಲಿ ಅಡ್ಡಿಯೇನೂ ಇರಲಿಲ್ಲ. ಬದಲಿಗೆ ಶನಿವಾರ ಬಂದರೆ ಗಂಡನೇ ಕಾರಿನ ಕೀಲಿ ತಂದು ಕೊಡುತ್ತಿದ್ದರು. "ಈ ಸಲ ಇನ್ನೂ ಜೋರ್ ಇರ್ಲಿ," ಅನ್ನುತ್ತಿದ್ದರು. ನನ್ನ ಗುಟ್ಟು ಹೋಯಿತು, ಅದರ ಜೊತೆಗೆ ನಾನು ಬೇಕಾದಾಗ ನಿಲ್ಲಿಸಬಹುದೆಂಬ ಧೈರ್ಯವೂ ಹೋಯಿತು.

ಐದನೇ ಕಂತನ್ನು ನಾನು ರೊಟ್ಟಿ ಬಡಿಯುತ್ತ ನೋಡಿದೆ. ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟಿದ್ದೆ. ಒಂದು ಬೆಟ್ಟ ಸರಿದು ಬಂದು ನಾಯಕಿಯ ಊರಿನ ದಾರಿ ಮುಚ್ಚುತ್ತದೆ, ಒಳಗೆ ಊರಿನ ಮಂದಿ ಸಿಕ್ಕಿಕೊಂಡಿದ್ದಾರೆ. ದಾರಿ ಬಿಡಬೇಕಾದರೆ ಬೆಟ್ಟ ಅವಳ ಒಂದು ಕಣ್ಣು ಕೇಳುತ್ತದೆ. ಅವಳು ಹೆದರುತ್ತಾಳೆ, ಬೇಡಿಕೊಳ್ಳುತ್ತಾಳೆ, ಓಡಿಹೋಗಿ ಮತ್ತೆ ತಿರುಗಿ ಬರುತ್ತಾಳೆ. ಕೊನೆಗೆ ಕೊಡುತ್ತಾಳೆ. ಪುಸ್ತಕದಲ್ಲಿ ಚಿಕ್ಕಂದಿನಲ್ಲಿ ಕಣ್ಣು ಹೋಗಿತ್ತು ಎಂದು ಒಂದೇ ಸಾಲಿತ್ತು. ಆ ಸಾಲಿಗೆ ಇಷ್ಟು ನೋವು ಇದ್ದೀತೆಂದು ನಾನು ಯೋಚಿಸಿಯೇ ಇರಲಿಲ್ಲ. ಹೆಂಚಿನ ಮೇಲೆ ರೊಟ್ಟಿ ಸುಟ್ಟು ಹೊಗೆಯೆದ್ದಾಗ ನಾನು ಅಳುತ್ತಿದ್ದೇನೆ ಎಂದು ಗೊತ್ತಾಯಿತು.

ಮರುದಿನ ಕಾರಿನಲ್ಲಿ ಕೂತು ಅದನ್ನೇ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಬೆಳಗಿನಿಂದಲೇ ಜನ ಬರೆದಿದ್ದ ಮಾತುಗಳು ಕಣ್ಣ ಮುಂದೆ ಬಂದವು. 'ಅಕ್ಕ ಇವತ್ತ ಚರ್ಮಾ ಸುಲೀತಾಳ', 'ಕಣ್ಣಿನ ನಾಟಕಕ್ಕ ಅಕ್ಕ ಏನಂತಾಳೋ'. ನಾನು ಕೆಮ್ಮಿದೆ. ಬಾಯಿಂದ ಹೊರಟಿದ್ದು ಹಳೇ ದನಿಯೇ.

"ಎರಡು ಕಣ್ಣು ಕೊಟ್ಟೋರೂ ಇವರೇ, ಒಂದು ಕಸ್ಕೊಂಡೋರೂ ಇವರೇ. ನಡುವ ನಮ್ಮನ್ನ ಖಾಲಿಪೀಲಿ ಕುರುಡರನ್ನ ಮಾಡ್ಯಾರ."

ಆ ವಿಡಿಯೊ ನೋಡಿದಷ್ಟು ಜನ ಹಿಂದಿನ ಯಾವುದನ್ನೂ ನೋಡಿರಲಿಲ್ಲ. ನನಗೆ ಮಾತ್ರ ಎರಡು ದಿನ ಊಟ ಸೇರಲಿಲ್ಲ.

ಮೂರನೇ ದಿನ ನಾರಾಯಣಖೇಡದಿಂದ ಗೆಳತಿ ಫೋನ್ ಮಾಡಿದಳು.

"ಐದನೇದು ನಿನಗ ಸೇರ್ಯಾದ. ಹೌದಿಲ್ಲೋ?"

"ಇಲ್ಲ, ಬಿಲ್ಕುಲ್ ಸೇರಿಲ್ಲ."

"ನನ್ನ ಮುಂದ ಯಾಕ ಸುಳ್ಳ ಹೇಳ್ತಿ? ಪುಸ್ತಕದಾಗ ಆ ನಕ್ಷೆ ಬರಿಯಾಕಿ ಸುರಂಗದಾಗ ಸಿಕ್ಕೊಂಡಿದ್ದ ಅಧ್ಯಾಯ ಓದಿ ಕಾಲೇಜಿನಾಗ ನೀ ಮೂರು ದಿನ ಅತ್ತಿದ್ದಿ. ಆಗ ನಾನೇ ನಿನ್ನ ಮಗ್ಗಲದಾಗ ಇದ್ದೆ."

ನಾನು ಒಪ್ಪಿಕೊಂಡೆ. ಅವಳು ಮೆತ್ತಗೆ, "ವಿಡಿಯೊದಾಗೂ ಖರೇ ಹೇಳು. ಏನ್ ಆಗ್ತದ?" ಅಂದಳು.

ಮುಂದಿನ ಶನಿವಾರ ಖರೇ ಹೇಳಿದೆ. ಐದನೇ ಕಂತು ನನ್ನನ್ನು ಅಳಿಸಿತು, ಪುಸ್ತಕಕ್ಕಿಂತ ಚೆನ್ನಾಗಿ ಹೇಳಿದ್ದಾರೆ, ಹೋದ ವಾರ ನಾನು ಸುಳ್ಳು ಹೇಳಿದೆ, ತಪ್ಪಾಯಿತು ಎಂದು ನಿಧಾನವಾಗಿ ಮಾತಾಡಿದೆ. ಜನ ಬೈಯಬಹುದು, ಬಿಟ್ಟು ಹೋಗಬಹುದು ಎಂದು ತಯಾರಾಗಿದ್ದೆ. ಯಾರೂ ಬೈಯಲಿಲ್ಲ. ಎಲ್ಲರೂ ನಕ್ಕರು.

'ಅಕ್ಕ ಹೊಗಳಿದಂಗ ಮಾಡಿ ಹೆಂಗ ಕುಟುಕ್ಯಾಳ ನೋಡ್ರಿ!' 'ಅಳೋ ಆಕ್ಟಿಂಗ್ ಜಬರ್ದಸ್ತ್!' ನನ್ನ ಗಂಟಲು ಕಟ್ಟಿದ ಜಾಗವನ್ನು ಯಾರೋ ಕತ್ತರಿಸಿ, ಹಿಂದೆ ತಮಟೆ ಸದ್ದು ಸೇರಿಸಿ ಹಂಚಿದ್ದರು. ಇದು ತಮಾಷೆಯಲ್ಲ ಎಂದು ಇನ್ನೊಂದು ವಿಡಿಯೊ ಮಾಡಿದೆ. ಅದಕ್ಕೆ ಇನ್ನಷ್ಟು ನಕ್ಕರು. ಗಂಡ ಬಂದು ಬೆನ್ನು ತಟ್ಟಿದರು.

"ಈ ಹೊಸ ಸ್ಟೈಲ್ ಛಲೋ ಅದ. ಹಿಂಗೇ ಮುಂದುವರ್ಸು."

"ಅದು ಸ್ಟೈಲ್ ಅಲ್ರಿ. ನಾ ಖರೇನೇ ಹೇಳಿದ್ದು."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಅವರೂ ನಕ್ಕರು. ಅವರದು ತಪ್ಪೇನಿಲ್ಲ. ನನ್ನ ದನಿಯಲ್ಲೇ ಏನೋ ಕೆಟ್ಟುಹೋಗಿತ್ತು.

ಕೊನೆಯ ಕಂತಿನ ದಿನ ನಾನು ಯಾರಿಗೂ ಏನೂ ಹೇಳದೆ ಬೆಳಗಿನ ಬಸ್ಸು ಹಿಡಿದು ಜಹೀರಾಬಾದಿಗೆ ಹೋಗಿ, ಅಲ್ಲಿಂದ ನಾರಾಯಣಖೇಡದ ಬಸ್ಸು ಹತ್ತಿದೆ. ಗೆಳತಿ ಶಾಲೆಗೆ ರಜೆ ಹಾಕಿದ್ದಳು. ಅವಳ ಮನೆಯ ನಡುಕೋಣೆಯಲ್ಲಿ ಚಾಪೆ ಹಾಸಿ ಇಬ್ಬರೂ ಕೂತೆವು. ಕಂತು ಶುರುವಾಗಿ ಸ್ವಲ್ಪ ಹೊತ್ತಿಗೇ ನನ್ನ ಬಾಯಿ ಓಡತೊಡಗಿತು. ಆ ಕುದುರೆ ಹಂಗ್ಯಾಕ ನಿಂತದ, ಆ ರಾಜನ ಗಡ್ಡ ನೋಡು... ತಡೆಯಬೇಕೆಂದರೂ ತಡೆಯಲಾಗಲಿಲ್ಲ. ಗೆಳತಿ ಧಾರಾವಾಹಿ ನಿಲ್ಲಿಸಿದಳು.

"ಇಲ್ಲಿ ಯಾರೂ ನಿನ್ನ ಕೇಳ್ಲತ್ತಿಲ್ಲ. ಬಾಯಿ ಮುಚ್ಚು."

ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಮತ್ತೆ ಶುರು ಮಾಡಿದಳು. ನಾನು ಹಲ್ಲು ಕಚ್ಚಿ ನೋಡಿದೆ. ಬೈಗುಳ ಗಂಟಲವರೆಗೆ ಬಂದು ಬಂದು ನಿಲ್ಲುತ್ತಿತ್ತು. ನಾಯಕಿ ಕೊನೆಯ ನಕ್ಷೆ ಬರೆದು ಮುಗಿಸಿದಾಗ ಗೆಳತಿ ಕಣ್ಣೊರೆಸಿಕೊಂಡಳು.

"ಹೆಂಗನಿಸ್ತು?" ಎಂದು ಕೇಳಿದಳು.

ನನ್ನೊಳಗೆ ಹುಡುಕಿದೆ. ಏನೋ ಇತ್ತು, ಆದರೆ ಹೇಳಲು ಹೊರಟರೆ ಅದು ಬೈಗುಳವಾಗುತ್ತದೋ ನಾಟಕವಾಗುತ್ತದೋ ಎಂದು ಭಯವಾಯಿತು.

"ಗೊತ್ತಾಗವಲ್ದು," ಅಂದೆ.

"ಆತು, ಬಿಡು. ಚಾ ಮಾಡ್ತೀನಿ," ಎಂದು ಅವಳು ಎದ್ದು ಒಳಗೆ ಹೋದಳು. ನಾನು ಚಾಪೆಯ ಮೇಲೆ ಹಾಗೇ ಕೂತಿದ್ದೆ. ಆಗಲೇ ಮೊಬೈಲು ಗುಂಯ್‌ಗುಡಲು ಶುರುವಾಗಿತ್ತು. ಅಕ್ಕ ಏನಂತಾಳ, ಅಕ್ಕ ಏನಂತಾಳ ಎಂದು ಒಬ್ಬರ ಮೇಲೊಬ್ಬರು ಕೇಳುತ್ತಿದ್ದರು.