ಅವ್ವನ ಕಣ್ಣಿನ ನೂಲು

ರಾಗಿ ಒಕ್ಕಣೆಯ ಹೊತ್ತಿಗೆ ಹಿರೇನಲ್ಲೂರಿನ ತವರಿಗೆ ಹೋಗಿದ್ದೆ. ಅವ್ವ ಬಾಗಿಲ ಬೆಳಕಿಗೆ ಕೂತು ಸೆರಗಿನ ತುದಿಯಿಂದ ಬಲಗಣ್ಣಿನ ಮೂಲೆಯನ್ನು ಒತ್ತಿದಳು. ಬಿಳಿಯ ಎಳೆಯೊಂದು ಹೊರಬಂತು. ಎಳೆದಷ್ಟೂ ಬಂತು. ಅದನ್ನು ಪಕ್ಕದ ಗೋಡೆಯ ಕನ್ನಡಿಯ ಕಪ್ಪು ಚೌಕಟ್ಟಿಗೆ ಅಂಟಿಸಿದಳು. ಹಳೆಯ ಎಳೆಗಳು ಅಲ್ಲಿ ಆಗಲೇ ಒಣಗಿ ನರೆಗೂದಲಿನಂತೆ ಕಾಣುತ್ತಿದ್ದವು.

"ಯಾರೋ ಮಾಟ ಮಾಡ್ಸವ್ರೆ ಕಣೇ. ಸಾಕ್ಷಿಗಿರ್ಲಿ ಅಂತ ಇಟ್ಟಿದೀನಿ."

ಯಾರೋ ಅಂದರೆ ಪಕ್ಕದ ಮನೆಯ ಚಿಕ್ಕಮ್ಮ. ಪಾಪ, ಆಕೆಗೆ ಕೋಳಿ ಓಡಿಸುವಷ್ಟೂ ಪುರುಸೊತ್ತಿಲ್ಲ, ಇನ್ನು ಮಾಟ ಎಲ್ಲಿಂದ ಮಾಡಿಸಬೇಕು!

ಕಣ್ಣಿಗೆ ದೂಳು ಬಿದ್ದರೆ ಸೆರಗಿನ ತುದಿಯನ್ನು ಮುದ್ದೆ ಮಾಡಿ, ಬಾಯುಸಿರು ಊದಿ ಬೆಚ್ಚಗೆ ಒತ್ತುವುದು ನಮ್ಮ ಹೆಂಗಸರ ರೂಢಿ. ಅವ್ವ ಅದರಲ್ಲಿ ಗಟ್ಟಿಗಿತ್ತಿ. ಈ ಸಲ ಕಣ್ಣಿಗೆ ಬಿದ್ದ ಒಕ್ಕಣೆಯ ಕಸ ಹೋದ ಮೇಲೂ ಅವಳ ಕೈ ನಿಲ್ಲಲಿಲ್ಲ. ಆ ಕಣ್ಣಿಗೆ ಮಬ್ಬು ಕವಿಯತೊಡಗಿತ್ತು.

ಜಗಳವಾಡಿಯೇ ಕಡೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಹಳದಿ ಔಷಧಿ ಬಿಟ್ಟು ನೀಲಿ ಬೆಳಕು ಹಾಯಿಸಿದಾಗ ಕಣ್ಣಿನ ಮೇಲೆ ಹಸಿರು ಗೀರುಗಳು ಹೊಳೆದವು.

"ನೀವು ಎಳೀತಿರೋ ನೂಲು ಕಣ್ಣಿನ ಲೋಳೆ ಅಮ್ಮ," ಎಂದರು ಡಾಕ್ಟರು. "ಇದ್ರಲ್ಲಿ ಮ್ಯೂಸಿನ್ ಅಂತ ಇರುತ್ತೆ. ಕಣ್ಣೀರು ಕಣ್ಣಿನ ಮೇಲೆ ನಿಲ್ಲೋದು ಅದ್ರಿಂದ, ದೂಳನ್ನ ಸುತ್ತಿ ಹೊರಗೆ ಹಾಕೋದೂ ಅದೇ. ನೀವು ಗೀರಿದಷ್ಟೂ ಕಣ್ಣು ಇನ್ನಷ್ಟು ಲೋಳೆ ಮಾಡುತ್ತೆ. ಹೀಗೇ ಕೈ ಹಾಕ್ತಿದ್ರೆ ದೃಷ್ಟಿ ಹೋಗುತ್ತೆ."

ಎಣ್ಣೆ ಸವರಿದ ಕಾವಲಿಯ ಮೇಲೆ ನೀರು ನಿಲ್ಲದೆ ಹನಿಹನಿಯಾಗಿ ಜಾರುವುದು ನೆನಪಾಯಿತು. ಲೋಳೆ ಇಲ್ಲದ ಕಣ್ಣಿನ ಪಾಡೂ ಅಷ್ಟೇ ಇರಬೇಕು.

ಮರುದಿನ ಬೆಳಗ್ಗೆ ಅವ್ವನ ಎರಡೂ ಕೈ ಹಿಡಿದು ಎದುರಿಗೆ ಕೂತೆ. ಕಣ್ಣಿನ ಕಪ್ಪಿನ ಮೇಲೆ ಅಡ್ಡಲಾಗಿ ಒಂದು ಎಳೆ ಬಿದ್ದಿತ್ತು. ಅವ್ವ ಕೈ ಕೊಸರುತ್ತಿದ್ದಳು.

"ಕೈ ಬಿಡೇ. ಇಲ್ದಿದ್ರೆ ನೀನೇ ತಗಿ."

ತೆಗೆಯಬೇಕೆಂದು ನನ್ನ ಬೆರಳೂ ತುಡಿಯಿತು. ನಿಜಕ್ಕೂ ಹೆದರಿಕೆಯಾಯಿತು. ಹಿಡಿತ ಬಿಗಿ ಮಾಡಿದೆ. ಅವ್ವ ರೆಪ್ಪೆ ಬಡಿದಳು, ಮತ್ತೆ ಬಡಿದಳು. ಎಳೆ ತಾನಾಗಿ ಸರಿಯಿತು. ಕಪ್ಪನ್ನು ದಾಟಿ ಮೂಗಿನ ಕಡೆಯ ಮೂಲೆಗೆ ಹೋಗಿ ಸಣ್ಣಗೆ ಮುದುಡಿಕೊಂಡಿತು. ಯಾರೂ ಮುಟ್ಟಿರಲಿಲ್ಲ.

"ಹೋಯ್ತಾ?"

"ಹೋಯ್ತು ಕಣವ್ವ."

"ಯಾರು ತಗುದ್ರು?"

"ನಿನ್ ಕಣ್ಣೇ."

ಅವ್ವ ಕನ್ನಡಿಯ ಚೌಕಟ್ಟಿನಲ್ಲಿ ಒಣಗಿದ್ದ ಎಳೆಗಳತ್ತ ತಿರುಗಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಹಂಗಾದ್ರೆ ಇಷ್ಟು ದಿನ ನಾನು ಮಾಟದೋರ ಕೈಯಿಂದಲ್ಲ, ನನ್ ಕಣ್ಣಿನ ಕೈಯಿಂದ್ಲೇ ಕಿತ್ಕೊತಿದ್ನಾ?"