ಶೇಂಗಾ ಮೊಳಕೆಯ ಪಂದ್ಯ

ನಮ್ಮ ಕೃಷಿ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಯಾವುದೋ ತರಬೇತಿಗೆ ಹೋಗಿ, ಪೈಪೋಟಿಯ ಹುಚ್ಚು ಹಿಡಿಸಿಕೊಂಡು ಬಂದರು. ಬರುವಾಗ ಕೋಠಿಯ ಬಜಾರಿನಲ್ಲಿ ಒಂದು ಸೀಟಿ, ಒಂದು ಚೀಲ ಪ್ಲಾಸ್ಟಿಕ್ ಪದಕ ಕೊಂಡು ತಂದಿದ್ದರು. ಅಂದಿನಿಂದ ಕಳೆ ಗುರುತಿಸುವುದಕ್ಕೂ ಸೀಟಿ, ಗೊಬ್ಬರದ ಹೆಸರು ಹೇಳುವುದಕ್ಕೂ ಸೀಟಿ. ನಾರಾಯಣಗೂಡದ ಕೋಚಿಂಗ್ ಸೆಂಟರುಗಳೇ ವಾಸಿ. ತಾವು ಮಾರುವುದು ರ‍್ಯಾಂಕು ಎಂದು ಬಾಗಿಲಲ್ಲೇ ಬೋರ್ಡು ಹಾಕಿರುತ್ತಾರೆ.

ಕಾಚಿಗೂಡದ ರೂಮಿನಲ್ಲಿ ನನ್ನ ಜೊತೆಗಿದ್ದ ರಾಯಚೂರಿನ ಗೆಳತಿಗೆ ಒಂದೇ ಆಸೆ: ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ತರಬೇತಿ ಪಡೆಯಬೇಕು. ಇದ್ದದ್ದು ಒಂದೇ ಜಾಗ. ಸರ್ ಅದನ್ನೂ ಬಹುಮಾನ ಮಾಡಿಬಿಟ್ಟರು. ಒಂದೇ ಚೀಲದಿಂದ ಎಲ್ಲರೂ ನೂರು ಶೇಂಗಾ ಬೀಜ ತೆಗೆದು ಒದ್ದೆ ಕಾಗದದಲ್ಲಿ ಸುತ್ತಿಡಬೇಕು. ಹೆಚ್ಚು ಮೊಳಕೆ ಬರಿಸಿದವರು ಗೆದ್ದಂತೆ.

ಬರಿಸುವುದಂತೆ! ಚೀಲದ ಬೀಜ ಹೇಗಿದೆ ಎಂದು ತಿಳಿಯುವುದಕ್ಕೆ ಮಾಡುವ ಪರೀಕ್ಷೆ ಅದು. ಕೈಗೆ ಬಂದದ್ದನ್ನು ಬಂದ ಹಾಗೆ ಇಡಬೇಕು. ನನ್ನ ಗೆಳತಿ ಹಾಗೆಯೇ ಇಟ್ಟಳು. ಮಿಕ್ಕವರು ಮದುವೆಗೆ ಹೆಣ್ಣು ನೋಡಿದ ಹಾಗೆ ದುಂಡನೆಯ ಬೀಜಗಳನ್ನೇ ಆರಿಸಿದರು.

ಫಲಿತಾಂಶದ ದಿನ ಸರ್ ಒಬ್ಬ ಹುಡುಗನಿಗೆ ಪದಕ ಹಾಕಿ, ಅವಳನ್ನು ಎಬ್ಬಿಸಿ ನಿಲ್ಲಿಸಿದರು. ಸರ್ ವಿಜಯಪುರದ ಕಡೆಯವರು; ಪಾಠವೆಲ್ಲ ಇಂಗ್ಲಿಷು, ಬೈಯುವುದಕ್ಕೆ ಮಾತ್ರ ನಮ್ಮೊಂದಿಗೆ ಕನ್ನಡ.

"ಒಂದೇ ಚೀಲದ ಬೀಜ. ಅವನ್ವು ತೊಂಬತ್ತೆಂಟು ಮೊಳೆತಾವ, ನಿನ್ವು ಬರೇ ಅರವತ್ತು. ಗೆಲ್ಲೋ ಛಲಾನೇ ಇಲ್ಲಲ್ಲವಾ ನಿನಗ!"

ಛಲಕ್ಕೆ ಶೇಂಗಾ ಮೊಳೆಯುತ್ತದೆಯೇ? ಒಂದೇ ಚೀಲದಲ್ಲಿ ಇಷ್ಟು ಅಂತರ ಹೇಗೆ ಬಂತು ಎಂದು ಕೇಳುವಷ್ಟು ಬುದ್ಧಿಯೂ ಆ ಮನುಷ್ಯನಿಗಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಮಾತ್ರ ಕುಳಿತು ನೋಟ್‌ಬುಕ್ಕಿನಲ್ಲಿ ಅರವತ್ತು ಎಂದೇ ಬರೆದುಕೊಂಡಳು.

ಗೆದ್ದವನು ಪದಕ ಹಾಕಿಕೊಂಡೇ ಫೋಟೊ ತೆಗೆಸಿಕೊಂಡು ಪ್ರಯೋಗಾಲಯಕ್ಕೆ ಹೋದ. ವಾರ ತುಂಬುವುದರೊಳಗೆ ಅಲ್ಲಿಯವರು ಅವನನ್ನು ವಾಪಸು ಕಳಿಸಿದರು. ಪರೀಕ್ಷೆಗೆ ಬಂದ ಬೀಜದಲ್ಲಿ ಸುಕ್ಕಿದ್ದನ್ನೆಲ್ಲ ಆರಿಸಿ ಕಸದ ಬುಟ್ಟಿಗೆ ಹಾಕುತ್ತ ಕುಳಿತಿದ್ದನಂತೆ. ಪಾಪ, ಅವನಿಗೆ ಕಲಿಸಿದ್ದೇ ಅಷ್ಟು.

ಜಾಗ ಮತ್ತೆ ಖಾಲಿಯಾಯಿತು. "ಈಗರೆ ನನ್ನ ಕಳಿಸ್ತಾರೇನು?" ಎಂದು ಗೆಳತಿ ರಾತ್ರಿ ಊಟಕ್ಕೆ ಕುಳಿತಾಗ ಕೇಳಿದಳು. ಕಳಿಸದೆ ಏನು ಮಾಡುತ್ತಾರೆ ಎಂದು ನಾನೂ ಅಂದೆ. ಬೆಳಿಗ್ಗೆ ಕ್ಲಾಸಿಗೆ ಹೋದರೆ ಮೇಜಿನ ಮೇಲೆ ಅದೇ ಶೇಂಗಾ ಚೀಲ, ಸರ್ ಬಾಯಲ್ಲಿ ಅದೇ ಸೀಟಿ.

ಅವಳು ಎದ್ದು ನಿಂತಳು. "ಸರ್, ಈ ಸಲ ಬೀಜ ಆರಿಸಿ ಇಡಬೇಕೇನ್ರಿ, ಕೈಗೆ ಬಂದಂಗ ಇಡಬೇಕೇನ್ರಿ?"

"ಅದನ್ನೆಲ್ಲ ನನಗ ಯಾಕ ಕೇಳ್ತಿ? ಗೆದ್ದು ತೋರಿಸು, ಸಾಕು."

ಸೀಟಿ ಊದಿದರು. ಎಲ್ಲರೂ ಚೀಲಕ್ಕೆ ಮುಗಿಬಿದ್ದರು. ಅವಳು ಕೊನೆಗೆ ಹೋಗಿ, ಎಲ್ಲರೂ ಆರಿಸಿ ಬಿಟ್ಟದ್ದರಲ್ಲಿ, ನೋಡದೆ ಕೈ ಹಾಕಿ ತೆಗೆದಳು. ಪ್ರಯೋಗಾಲಯಕ್ಕೆ ಇನ್ನೊಬ್ಬ ಆರಿಸುವವನು ಹೋದ.