ದುಂಡೇಶನ ಬ್ಯಾಟರಿ ಮತ್ತು ಒಂದೇ ಬಾಗಿಲಿನ ಮನೆ

ಇಳಕಲ್ಲಿನ ಆ ಓಣಿಯ ಮನೆಗಳಿಗೆಲ್ಲ ಒಂದೊಂದೇ ಬಾಗಿಲು. ಬೀದಿಯಿಂದ ಒಳಗೆ ಕಾಲಿಟ್ಟರೆ ಮಗ್ಗದ ಕೋಣೆ, ಅದನ್ನು ದಾಟಿದರೆ ಅಡುಗೆಮನೆ, ಅದರ ಮೂಲೆಗೆ ಬಚ್ಚಲು, ಅಲ್ಲಿಗೆ ಮನೆ ಮುಗಿಯಿತು. ಹಿಂದಿನದು ಕೆಂಪು ಕಲ್ಲಿನ ಗೋಡೆ, ಒಂದು ಕಿಟಕಿಯೂ ಇಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಶಿವಗಂಗಾ ಇದನ್ನು ಗಮನಿಸಿರಲೂ ಇಲ್ಲ. ಮಗಳು ಬನಶ್ರೀ ಹುಟ್ಟಿ, ಗಂಡ ದುಂಡೇಶ ಮಗ್ಗದ ಪಕ್ಕದಲ್ಲಿ ಬ್ಯಾಟರಿ ಕಟ್ಟಲು ಕೂತ ಮೇಲೆ ಅವಳ ಕಣ್ಣಿಗೆ ಬೇರೇನೂ ಕಾಣದಂತಾಯಿತು.

"ಅಲ್ರೀ, ಅದೇನರ ಹತ್ತಿಕೊಂಡ್ರ ನಾ ಕೂಸಿನ್ನ ತಗೊಂಡು ಯಾವ ಕಡಿಂದ ಹೊರಗ ಬರ್ಲಿ?"

"ಹತ್ತಿಕೊಳ್ಳೂದಿದ್ರ ನಾ ಯಾಕ ಕಟ್ಟತಿದ್ದೆ?"

"ಯಾರೂ ಹತ್ತಿಕೊಳ್ಳಲಿ ಅಂತ ಕಟ್ಟೂದಿಲ್ರಿ. ನೋಡ್ರಿಲ್ಲಿ, ಈ ಊರಾಗ ಒಂದು ಸ್ಕೂಟರ್..." ಎಂದು ಅವಳು ಮೊಬೈಲು ಮುಂದೆ ಹಿಡಿಯುವಳು.

"ಮೊದಲ ಆ ಫೋನ್ ಬಂದ್ ಮಾಡು. ಬ್ಯಾಟರಿಗಿಂತ ಮುಂಚೆ ನಿನ್ನ ತಲಿ ಬಿಸಿ ಆಗಾಕತ್ತೈತಿ."

ಅವಳ ತಲೆ ಬಿಸಿಯಾಗುತ್ತಿದ್ದುದು ಖರೆ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಪಿಯುಸಿ ಸೈನ್ಸ್ ಓದಿದವಳು. ಓದಿದ್ದು ಕೆಲಸಕ್ಕೆ ಬರಲಿಲ್ಲ, ಭಯಕ್ಕೆ ಮಾತ್ರ ಚೆನ್ನಾಗಿ ಬಂತು. ಕೂಸು ಮಗ್ಗುಲು ಬದಲಿಸಿದರೂ ಅವಳಿಗೆ ಎಚ್ಚರ. ಹಾಲು ಉಕ್ಕಿದ ಸದ್ದಿಗೂ ಎದೆ ಧಸಕ್ಕೆನ್ನುವುದು.

ಆದರೆ ದುಂಡೇಶನಿಗೆ ಆ ಬ್ಯಾಟರಿ ಯಾಕೆ ಬೇಕಿತ್ತೆನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಅವನ ಅಪ್ಪ ಅದೇ ಕೋಣೆಯ ಕುಣಿ ಮಗ್ಗದಲ್ಲಿ, ನೆಲದೊಳಗಿನ ಕಲ್ಲಿನ ಗುಂಡಿಗೆ ಕಾಲು ಇಳಿಬಿಟ್ಟುಕೊಂಡು, ಆಯುಷ್ಯವೆಲ್ಲ ಸೀರೆ ನೇಯ್ದವನು. ಅಪ್ಪ ಹೋದ ಮೇಲೆ ಅವ್ವ ನೀಲಾಬಾಯಿ ಅಲ್ಲಿಯೇ ಕೂತಳು. ದುಂಡೇಶನಿಗೆ ಮಾತ್ರ ಒಂದೇ ಕಡೆ ಕೂರುವುದು ಆಗಿಬರಲಿಲ್ಲ. ಮೀಸೆ ಮೂಡುವ ಮೊದಲೇ ಪವರ್‌ಲೂಮ್ ರಿಪೇರಿ ಕಲಿತ. ಹುನಗುಂದ, ಕಮತಗಿ, ಗುಳೇದಗುಡ್ಡ, ಅತ್ತ ಬಾದಾಮಿ ದಾರಿಯ ಹಳ್ಳಿಗಳವರೆಗೆ, ಎಲ್ಲಿ ಮಗ್ಗ ನಿಂತಿತೋ ಅಲ್ಲಿಗೆ ಬೈಕೇರಿ ಹೊರಡುವುದೇ ಅವನ ಬದುಕಾಯಿತು. ಮದುವೆಗೆ ಮುಂಚೆ ಶಿವಗಂಗಾಳನ್ನು ನೋಡಲು ಬಂದಾಗಲೂ ಮೊಣಕೈಗೆ ಗ್ರೀಸ್ ಮೆತ್ತಿಕೊಂಡೇ ಬಂದಿದ್ದ.

ಅಮೀನಗಡದ ಹತ್ತಿರ ಟಂಟಂ ಆಟೋ ಮಗುಚಿ ಅವನ ಬಲ ಮೊಣಕಾಲು ಹೋಯಿತು. ನಡೆಯಬಲ್ಲ, ಆದರೆ ಕಿಕ್ ಹೊಡೆಯಲಾರ, ಕಾಲಿನ ಬ್ರೇಕು ಒತ್ತಲಾರ. ಆಮೇಲೆ ಕೆಲಸಕ್ಕೆ ಕರೆಯುವವರೇ ಬಂದು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಬೇಕು. ಮರಳಿ ಬಿಡಲು ಮರೆಯುವರು. "ನಾ ಮನಷ್ಯಾ ಅಲ್ಲ, ಸಾಮಾನಾಗೇನಿ" ಎಂದು ಒಂದು ಸಲ ಅಂದ. ಅಷ್ಟೇ, ಮತ್ತೆ ಆ ಮಾತೆತ್ತಲಿಲ್ಲ. ಬಾಗಲಕೋಟೆಯಲ್ಲಿ ಯಾರೋ ಮೂಲೆಗೆ ಹಾಕಿದ್ದ, ಬ್ಯಾಟರಿ ಸತ್ತ ಎಲೆಕ್ಟ್ರಿಕ್ ಬೈಕು ತಂದು ಬಾಗಿಲ ಮುಂದೆ ನಿಲ್ಲಿಸಿದ. ಕಿಕ್ ಇಲ್ಲ, ಗೇರಿಲ್ಲ, ಎರಡೂ ಬ್ರೇಕು ಕೈಯಲ್ಲೇ. ಹೊಸ ಬ್ಯಾಟರಿಯೆಂದರೆ ಗಾಡಿಗಿಂತ ಅದರ ಬೆಲೆಯೇ ಹೆಚ್ಚು. ಹಾಗಾಗಿ ತಾನೇ ಕಟ್ಟುತ್ತೇನೆಂದ.

ಗುಜರಿಯಿಂದ ತಂದ ಹಳೇ ಬ್ಯಾಟರಿಗಳನ್ನು ಬಿಚ್ಚಿ, ಬೆರಳುದ್ದದ ಲಿಥಿಯಮ್ ಸೆಲ್ಲುಗಳನ್ನು ಬಿಡಿಸಿ, ಮಗ್ಗದ ಪಕ್ಕದಲ್ಲಿ ಹರವಿಕೊಂಡು ಕೂತ. ಒಂದೊಂದನ್ನೂ ಮೀಟರಿಗೆ ಹಿಡಿದು, ಸಮ ಇದ್ದವನ್ನೆಲ್ಲ ಒಂದು ಕಡೆ ಗುಂಪು ಮಾಡುವನು.

"ಸಣ್ಣ ಎಳಿ ಮಗ್ಗಲಾಗ ದಪ್ಪ ಎಳಿ ಹಾಸಿದ್ರ ಏನಾಕ್ಕೈತಿ ಯವ್ವಾ?"

"ಜಗ್ಗಿದಾಗ ಸಣ್ಣದು ಹರೀತೈತಿ. ಅದನ್ನ ನನಗ ಕೇಳ್ತಿಯೇನೋ?" ಎನ್ನುವಳು ನೀಲಾಬಾಯಿ ಲಾಳಿ ಬಿಡದೆ.

"ಇದೂ ಹಂಗ. ದುರ್ಬಲ ಸೆಲ್ಲು ಮೊದಲ ಕಾಯತೈತಿ. ನಿನ್ನ ಸೊಸಿಗೆ ಸ್ವಲ್ಪ ತಿಳಿಸಿ ಹೇಳು."

"ಆಕಿ ಕಲತಾಕಿ. ನನ್ನ ಮಾತು ಕೇಳ್ತಾಳೇನು?"

ಸೆಲ್ಲಿಗೆ ಸೆಲ್ಲು ನಿಕಲ್ ಪಟ್ಟಿಯಿಂದ ಬೆಸೆದ. ಕರೆಂಟು ಹೆಚ್ಚಾದರೆ ತಡೆಯುವ ಸಣ್ಣ ಬೋರ್ಡು ಕೂಡಿಸಿದ. ಎಲ್ಲವನ್ನೂ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಟ್ಟು ಹಿಡಿಕೆ ಹಚ್ಚಿದ. ಆ ದಿನಗಳಲ್ಲಿ ಒದ್ದೆ ಕೈಯಿಂದ ಯಾರೂ ಆ ಕಡೆ ಸುಳಿಯುವಂತಿರಲಿಲ್ಲ. ಕೂಸಿನ ಒದ್ದೆ ಲಂಗೋಟಿ ಮಗ್ಗದ ಹಗ್ಗಕ್ಕೆ ಹಾಕಿದ್ದಕ್ಕೆ ಶಿವಗಂಗಾ ಬೈಸಿಕೊಂಡಳು.

ಬೈಕು ಓಡಿತು! ಹುನಗುಂದಕ್ಕೆ ಹೋಗಿ ಬಂದ ದಿನ ಓಣಿಯವರೆಲ್ಲ ನೋಡುವಂತೆ ಎರಡು ಸುತ್ತು ಹೊಡೆದ. ಮಗಳನ್ನು ಮುಂದೆ ನಿಲ್ಲಿಸಿಕೊಂಡು ಮೂರನೇ ಸುತ್ತಿಗೆ ಹೊರಟಾಗ ಶಿವಗಂಗಾ ಓಡಿಹೋಗಿ ಕೂಸನ್ನು ಕಸಿದುಕೊಂಡಳು. ಅವನು ನಕ್ಕ. ಆ ನಗು ಕಂಡು ಎಷ್ಟು ದಿನವಾಗಿತ್ತೆಂದು ಅವಳಿಗೂ ಅನ್ನಿಸಿತು. ಆದರೂ ಸಂಜೆ ಡಬ್ಬಿ ಒಳಗೆ ಬಂದು, ಮಗ್ಗದ ದೀಪದ ಪ್ಲಗ್ಗಿಗೆ ಚಾರ್ಜು ಹತ್ತಿ, ಹಸಿರು ಕಣ್ಣು ಬಿಟ್ಟು ಕೂತಿತೆಂದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಬಾಗಿಲಿಗೂ ಕೂಸಿಗೂ ನಡುವೆ ಅದು ಕೂತಿದೆ. ಹೊರಗಿಡಿರೆಂದರೆ ಕಳವಾಗುತ್ತದೆ ಎನ್ನುವನು. ಕಟ್ಟೆಯ ಮೇಲಿಡಿರೆಂದರೆ ಮಳೆ ಎನ್ನುವನು.

ಹೀಗಿರುವಾಗ ಖಂಡೇಪೂಜೆ ಬಂತು.

ಮಹಾನವಮಿಯ ಆ ಆಯುಧಪೂಜೆಯ ದಿನ ಆ ಮನೆಯಲ್ಲಿ ಯಾವ ಸಾಮಾನನ್ನೂ ಮುಚ್ಚಿಡುವಂತಿಲ್ಲ. ಮಗ್ಗಕ್ಕೆ ಹೊದಿಸಿದ ಬಟ್ಟೆ ತೆಗೆಯಬೇಕು, ರಿಪೇರಿಯ ಪಾನಾ ಪೆಟ್ಟಿಗೆ ತೆರೆದಿಡಬೇಕು, ಕತ್ತರಿಯ ಬಾಯಿ ಸಹ ಅಗಲಿಸಿಡಬೇಕು. ತೆರೆದಿಟ್ಟರೆ ಮಾತ್ರ ತಾಯಿ ಬನಶಂಕರಿಯ ಕಣ್ಣು ಅದರ ಮೇಲೆ ಬೀಳುತ್ತದೆಂದು ನೀಲಾಬಾಯಿಯ ಅತ್ತೆಯ ಕಾಲದಿಂದ ನಡೆದು ಬಂದದ್ದು. ಬೈಕು ತೊಳೆದು ಬಾಗಿಲಿಗೆ ನಿಲ್ಲಿಸಿದ್ದರು. ಚೆಂಡುಹೂವಿನ ಮಾಲೆ, ವಿಭೂತಿ, ಕುಂಕುಮ.

"ದುಂಡೂ, ಅದರ ಹೊಟ್ಟಿ ಮುಚ್ಚೈತೆಲ್ಲೋ" ಎಂದಳು ನೀಲಾಬಾಯಿ.

ಅವನು ಒಂದು ಕ್ಷಣವೂ ತಡೆಯಲಿಲ್ಲ. ಸೀಟಿನ ಕೆಳಗಿದ್ದ ಡಬ್ಬಿಯ ಮುಚ್ಚಳ ತೆಗೆದ. ತಾನೇ ಕುಂಕುಮ ಹಚ್ಚಿದ. ತಾನೇ ಹ್ಯಾಂಡಲ್ಲಿಗೆ ನಿವಾಳಿಸಿದ ತೆಂಗಿನಕಾಯಿಯನ್ನು ಕಲ್ಲಿಗೆ ಹೊಡೆದು, ನೀರು ಗಾಡಿಗೆ ಚಿಮುಕಿಸಿದ. ಹೋಳು ಓರೆಯಾಗಿ ಒಂದು ಧಾರೆ ಸೀಟಿನ ಕೆಳಗೆ ಇಳಿಯಿತು.

ಶಿವಗಂಗಾ ನೋಡಿದಳು. ಬಾಯಿ ತೆರೆದಳು ಕೂಡ. ತಿಂಗಳುಗಟ್ಟಲೆ ಅಪಶಕುನ ನುಡಿದದ್ದು ಸಾಕು, ಪೂಜೆಯ ಹೊತ್ತಿಗೆ ಬೇಡ ಎಂದುಕೊಂಡು ಸುಮ್ಮನಾದಳು. ದುಂಡೇಶ ಅರಿವೆಯಿಂದ ಡಬ್ಬಿ ಒರೆಸಿ ಮುಚ್ಚಳ ಹಾಕಿದ. ಹಬ್ಬದ ಗದ್ದಲದಲ್ಲಿ ಆ ಮಾತು ಇಬ್ಬರಿಗೂ ಮರೆತುಹೋಯಿತು.

ಮರುದಿನ ಬನ್ನಿ ಹಬ್ಬ. ಸಂಜೆ ಎಲ್ಲರಿಗೂ ಬನ್ನಿ ಕೊಟ್ಟು ಬರಬೇಕೆಂದು ದುಂಡೇಶ ಬೆಳಿಗ್ಗೆಯೇ ಬ್ಯಾಟರಿ ಚಾರ್ಜಿಗೆ ಹಚ್ಚಿ, ಹೊರಗೆ ಬೈಕಿನ ಗಾಲಿಗೆ ಗಾಳಿ ಹಾಕುತ್ತಿದ್ದ. ನೀಲಾಬಾಯಿ ಎದುರು ಮನೆಯ ಮುಮ್ತಾಜಳಿಗೆ ಹೋಳಿಗೆ ಕೊಡಲು ಹೋಗಿದ್ದಳು. ಶಿವಗಂಗಾ ಬಚ್ಚಲಲ್ಲಿ ಕೂಸಿನ ತಲೆಗೆ ನೀರೆರೆಯುತ್ತಿದ್ದಳು.

ಒಂದು ಸಿಹಿ ವಾಸನೆ ಬಂತು. ಹೂರಣ ಸೀಯಿತೇನೋ ಎಂದುಕೊಂಡಳು. ಒಲೆ ಆರಿತ್ತು. ಹೂರಣದ ವಾಸನೆಯೂ ಅಲ್ಲ ಅದು, ಉಗುರಿನ ಬಣ್ಣದ್ದೋ ಏನೋ. ಇಂಥ ವಾಸನೆಯ ಬಗ್ಗೆ ಎಲ್ಲೋ ಓದಿದ್ದೇನಲ್ಲ ಎನ್ನುವಷ್ಟರಲ್ಲಿ ಮಗ್ಗದ ಕೋಣೆಯಿಂದ ಹಾವು ಬುಸುಗುಟ್ಟಿದಂಥ ಸದ್ದು. ಬಿಳಿ ಹೊಗೆ ಹೊಸ್ತಿಲು ದಾಟಿ ನೆಲ ನೆಕ್ಕುತ್ತ ಅಡುಗೆಮನೆಗೆ ಬಂತು.

"ರೀ!"

"ಗಂಗಾ, ಬರಬ್ಯಾಡ! ಅಲ್ಲೇ ನಿಲ್ಲು, ಅಲ್ಲೇ!"

ಎಲ್ಲಿ ನಿಲ್ಲಬೇಕು? ಬೆನ್ನಿಗೆ ಕಲ್ಲಿನ ಗೋಡೆ. ಪಕ್ಕದಲ್ಲಿ ಗ್ಯಾಸಿನ ಸಿಲಿಂಡರು. ಮೇಲೆ ಬೆಳಕಿಂಡಿ, ಕೈಗೆಟುಕದ್ದು. ಇದೇ ಜಾಗದಲ್ಲಿ ನಿಂತು ಇದೇ ಪ್ರಶ್ನೆಯನ್ನು ಮನಸ್ಸಿನೊಳಗೆ ಅದೆಷ್ಟು ಸಲ ಕೇಳಿಕೊಂಡಿದ್ದಳೋ. ಉತ್ತರ ಮಾತ್ರ ಒಂದು ಸಲವೂ ಸಿಕ್ಕಿರಲಿಲ್ಲ. ಟಪ್ ಎಂದು ಏನೋ ಸಿಡಿಯಿತು. ಬೆನ್ನಿಗೇ ಇನ್ನೊಂದು. ಕೂಸು ಚಿಟ್ಟನೆ ಚೀರಿತು. ಅವಳು ಟವೆಲ್ಲು ಬಕೆಟ್ಟಿಗೆ ಅದ್ದಿ ಕೂಸನ್ನು ಮುಖಸಮೇತ ಸುತ್ತಿದಳು. ಸಿಲಿಂಡರಿನ ರೆಗ್ಯುಲೇಟರು ತಿರುಗಿಸಿ ಬಂದ್ ಮಾಡಿದಳು. ಕೈ ತಾನಾಗಿ ಮಾಡಿತು. ಅವಳಿಗೆ ನೆನಪಾದದ್ದು ಆಮೇಲೆ.

ಹೊಗೆಯೊಳಗೆ ದುಂಡೇಶ ಕಂಡ. ಕುಂಟುತ್ತ ಒಳಗೆ ಬಂದಿದ್ದ. ಡಬ್ಬಿ ಪ್ಲಗ್ಗಿನ ಕೆಳಗೆ, ದಾರಿಗೆ ಅಡ್ಡ ಕೂತು, ಮುಚ್ಚಳದ ಸಂದಿಯಿಂದ ಬೆಂಕಿಯ ನಾಲಗೆ ಚಾಚುತ್ತಿತ್ತು. ಮೇನ್ ಸ್ವಿಚ್ಚು ಇಳಿಸಿದ. ಡಬ್ಬಿಯ ಹಿಡಿಕೆಗೆ ಕೈ ಹಾಕಿ, ಕೈ ಸುಟ್ಟು ಹಿಂದೆಳೆದ. ಹೊರಗೆಳೆಯಲು ಹೊಸ್ತಿಲು ಎತ್ತರ. ಸುತ್ತ ನೋಡಿದ. ಅವನ ಕಣ್ಣು ಮಗ್ಗದ ಮೇಲೆ ನಿಂತದ್ದನ್ನು ಅವಳು ಕಂಡಳು. ಅವ್ವನ ಮಗ್ಗ, ಅದರಲ್ಲಿ ಮೈ ನೇಯ್ದು ಮುಗಿದು, ಸೆರಗಿನ ಎಳೆ ಕೂಡಿಸುವುದಕ್ಕೆ ಕಾದಿದ್ದ ಸೀರೆ.

ಅವ್ವ ಕೂರುವ ಹಲಗೆಯನ್ನು ಕಿತ್ತು, ಅದರಿಂದ ಡಬ್ಬಿಯನ್ನು ನೂಕಿದ. ಮತ್ತೊಮ್ಮೆ ನೂಕಿದ. ಅದು ಕುಣಿಯೊಳಗೆ ಉರುಳಿತು. ಕಲ್ಲಿನ ಗುಂಡಿಯಿಂದ ಬೆಂಕಿ ಭಗ್ಗೆಂದು ನೆಟ್ಟಗೆ ಎದ್ದಿತು. ಹಾಸಿನ ಎಳೆಗಳು ಸುರುಟಿ, ಕಪ್ಪಾಗಿ, ಒಂದೊಂದಾಗಿ ಬಿಟ್ಟವು.

"ಈಗ! ಗ್ವಾಡಿ ಹಿಡದ ಬಾ, ಈಗ!"

ಅವಳು ಓಡಿದಳು. ಎಡ ಮಗ್ಗುಲು ಸುಡುವಂಥ ಕಾವು ತಾಗಿದ್ದಷ್ಟೇ ಗೊತ್ತು, ಮುಂದಿನದು ಬೀದಿ, ಬೆಳಕು, ಮುಮ್ತಾಜಳ ಕೈ. "ಗಂಗಾ, ಕೂಸು ಕೊಡು ನನ್ನ ಕಡೆ, ಮೊದಲ ಉಸಿರು ಬಿಡು ನಮ್ಮವ್ವ!" ಓಣಿಯವರು ಕಟ್ಟಡಕ್ಕೆಂದು ಬೀದಿಯಲ್ಲಿ ಹಾಕಿದ್ದ ಉಸುಕನ್ನು ಬುಟ್ಟಿ ಬುಟ್ಟಿ ತಂದು ಕುಣಿಗೆ ಸುರಿದರು, ಮೇಲೆ ಕೊಡಗಟ್ಟಲೆ ನೀರು ಹೊಯ್ದರು. ಬಹಳ ಹೊತ್ತು ಅದು ಒಳಗೊಳಗೇ ಗುರುಗುಟ್ಟಿತು.

ನೀಲಾಬಾಯಿ ಹೊಸ್ತಿಲಲ್ಲಿ ನಿಂತು ಮಗ್ಗ ನೋಡಿದಳು. ದುಂಡೇಶ ಸುಟ್ಟ ಅಂಗೈ ಮೇಲೆ ಮಾಡಿಕೊಂಡು ತಲೆ ತಗ್ಗಿಸಿದ್ದ.

"ಯವ್ವಾ..."

"ನೂಲು ಮತ್ತ ಹಾಸಬಹುದು" ಎಂದಳು ಅವಳು. ಸೊಸೆಯ ಕಡೆ ತಿರುಗಿ, "ತಂಗೀ, ಕೂಸಿನ ತಲಿ ಒದ್ದಿ ಐತಿ. ಒರಸು ಮೊದಲ."

ಉಸುಕು ತಣ್ಣಗಾದ ಮೇಲೆ ದುಂಡೇಶ ಆ ಕರಕಲನ್ನು ಬೀದಿಗೆ ತಂದು ಬಿಡಿಸಿದ. ಒಂದು ಮೂಲೆಯ ಪಟ್ಟಿಗಳಿಗೆ ಮಾತ್ರ ಹಸಿರು ಕಿಲುಬು. ಆ ಮೂಲೆಯನ್ನೇ ನೋಡುತ್ತ ಕೂತ.

"ಟೆಂಗಿನ ನೀರು" ಎಂದ ಕೊನೆಗೆ. "ಒಳಗ ಇಳದೈತಿ. ಅದರಾಗ ಉಪ್ಪಿನಂಶ ಇರತೈತಿ, ಕರೆಂಟ್ ಹರೀತೈತಿ. ನಾನ ಒಡದೆ, ನಾನ ಮುಚ್ಚಳಾ ತಗದೆ."

ಆ ಧಾರೆ ಇಳಿದದ್ದನ್ನು ಶಿವಗಂಗಾ ಕಂಡಿದ್ದಳು. ಅನ್ನಬೇಕಾದ ದಿನ ಅನ್ನದೆ ಇಂದು ಅಂದು ಏನು?

ಓಣಿಯ ಗಂಡಸರು ಬಿಡಲಿಲ್ಲ. "ಲೇ ದುಂಡ್ಯಾ, ದೀಪಾವಳಿ ಇನ್ನೂ ದೂರ ಐತೆಲ್ಲಲೇ, ಇಷ್ಟ ಲಗೂ ಪಟಾಕಿ ಹೊಡದಿ?" ಕೈ ಮಾಯುತ್ತಿದ್ದಂತೆ ಅವನು ಮತ್ತೆ ಹುನಗುಂದದವರ ಬೈಕಿನ ಹಿಂದೆ, ಪಾನಾ ಚೀಲ ಮಡಿಲಲ್ಲಿಟ್ಟುಕೊಂಡು, ಬಗ್ಗದ ಕಾಲು ಒಂದು ಕಡೆ ಚಾಚಿ ಹೋಗತೊಡಗಿದ. ಶಿವಗಂಗಾ ಬಾಗಿಲಲ್ಲಿ ನಿಂತು ನೋಡುವಳು. ಬೇಡವೆಂದದ್ದು ನಿಂತಿತು, ಆದರೂ ಎದೆಯ ಭಾರ ಇಳಿಯಲಿಲ್ಲ.

ಒಂದು ಅಮಾವಾಸ್ಯೆ, ಮಗ್ಗಗಳಿಗೆಲ್ಲ ರಜೆಯ ದಿನ, ಅಡುಗೆಮನೆಯಲ್ಲಿ ಧಡ್ ಧಡ್ ಸದ್ದಿಗೆ ಓಡಿಬಂದಳು. ದುಂಡೇಶ ಹಿಂದಿನ ಗೋಡೆಗೆ ಹಾರೆ ಹಾಕುತ್ತಿದ್ದ. ಪಾತ್ರೆಗಳೆಲ್ಲ ಮಗ್ಗದ ಕೋಣೆಯಲ್ಲಿ ರಾಶಿ ಬಿದ್ದಿದ್ದವು.

"ಏನ್ರಿ ಇದು?"

"ಬಾಗಲಾ."

"ಗ್ವಾಡಿಯಾಗ?"

"ಬಾಗಲಾ ಮತ್ತೆಲ್ಲಿ ಇಡತಾರ?" ಒಂದು ಕಲ್ಲು ಅಲುಗಾಡಿಸಿ ಕಿತ್ತ. "ಮೊದಲ ಬಾಗಲಾ. ಆಮ್ಯಾಲ ಬ್ಯಾಟರಿ."

"ಮತ್ತ ಕಟ್ಟವ್ರ?"

"ಕಟ್ಟತೇನಿ. ಒಳಗ ತರಂಗಿಲ್ಲ. ಹೊರಗ ಕಟ್ಟಿ ಮ್ಯಾಲ ಕಲ್ಲಿನ ಗೂಡು ಮಾಡಿ, ಕೀಲಿ ಹಾಕಿ, ಅಲ್ಲೇ ಚಾರ್ಜ್."

"ಹೊರಗ ಇಡೂದಾದ್ರ ಈ ಬಾಗಲಾ ಯಾಕ?"

ಅವನು ಹಾರೆ ನಿಲ್ಲಿಸಿ ಬೆವರು ಒರೆಸಿಕೊಂಡ. "ನೀ ಕೇಳತಿದ್ದೆಲ್ಲ, ಯಾವ ಕಡಿಂದ ಹೊರಗ ಬರ್ಲಿ ಅಂತ. ಅವತ್ತ ಹೊಗಿಯಾಗ ನಾನೂ ಅದನ್ನ ಕೇಳಿಕೊಂಡೆ. ಒಂದು ಮನಿಗೆ ಒಬ್ಬರು ಕೇಳಿದ್ರ ಸಾಕಿತ್ತು."

ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ನೀಲಾಬಾಯಿ, "ದೇವ್ರ ಜಗಲಿ ಒಂದಿಟ್ಟ ಈ ಕಡೆ ಸರಸ್ರಿ, ಮಣ್ಣು ಬೀಳತೈತಿ" ಎಂದಳೇ ಹೊರತು ಬೇಡ ಎನ್ನಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೆಂಪು ಕಲ್ಲುಗಳ ನಡುವೆ ಆಳೆತ್ತರದ ತೂತಾಯಿತು. ಹಿಂದಿನ ಸಂದಿಯ ಗಾಳಿ ಮೊದಲ ಸಲ ಅಡುಗೆಮನೆಗೆ ಬಂತು. ಶಿವಗಂಗಾ ಅದನ್ನು ದೀರ್ಘವಾಗಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಬನಶ್ರೀ ಅವಳ ಕಾಲಸಂದಿಯಿಂದ ನುಸುಳಿ, ಕಿಲಕಿಲ ನಗುತ್ತ ಆಚೆ ಇಳಿದೇಬಿಟ್ಟಳು.

"ರೀ, ಅಲ್ಲಿ ಗಟಾರ ಐತಿ! ತೆರದ ಗಟಾರ! ಹಿಡೀರಿ ಅದನ್ನ!"

ದುಂಡೇಶ ಕೂಸಿನ ಅಂಗಿ ಹಿಡಿದೆತ್ತಿ ಒಳಗೆ ಬಿಟ್ಟು, ನಕ್ಕು ನಕ್ಕು ಗೋಡೆಗೊರಗಿದ. "ಅಗಳಿ ಹಾಕತೇನಿ ಮಾರಾಯ್ತಿ. ಎಷ್ಟು ಎತ್ತರಕ್ಕ ಹಾಕಲಿ, ಹೇಳು."

ಅವಳು ಕೂಸನ್ನು ಗೋಡೆಗೆ ನಿಲ್ಲಿಸಿ, ತಲೆಯ ಮೇಲೆ ಕೈ ಅಡ್ಡ ಹಿಡಿದಳು. ಕೂಸು ತುದಿಗಾಲ ಮೇಲೆ ನಿಂತಿತು. ಅವಳು ಕೈಯನ್ನು ಒಂದು ಗೇಣು ಮೇಲೆ ಸರಿಸಿದಳು. ಮತ್ತೆ ಯೋಚಿಸಿ ಇನ್ನಷ್ಟು ಮೇಲೆ.